ಇಪ್ಪತ್ತೆರಡು ಕಂಪ್ಯೂಟರಿಗೆ ಒಂದೇ ಇಮೇಜ್: ನಕಲಿಸುವ ಮೊದಲು ಅಳಿಸಬೇಕಾದದ್ದು

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರದ ಪತ್ತಿನ ಸಹಕಾರ ಸಂಘ. ಹೊಸದಾಗಿ 15 ಕಂಪ್ಯೂಟರ್ ಬಂದಿವೆ. ಎಲ್ಲವೂ ಒಂದೇ ಮಾದರಿಯವು, ವಿಂಡೋಸ್ 11 ಪ್ರೊ ಹಾಕಿಕೊಂಡೇ ಬಂದಿವೆ. ಇವಲ್ಲದೆ ಬೇರೆ ಕಂಪನಿಯ 7 ಹಳೆಯ ಕಂಪ್ಯೂಟರ್‌ಗಳಿವೆ, ಅವುಗಳಲ್ಲೂ ವಿಂಡೋಸ್ 11 ಪ್ರೊ ಇದೆ. ಊರಿನ ತಂತ್ರಜ್ಞರೊಬ್ಬರು ಆ ಏಳರಲ್ಲಿ ಒಂದನ್ನು ಪೂರ್ತಿ ಸಿದ್ಧಪಡಿಸಿ, ಅದರ ಡಿಸ್ಕನ್ನು ಕ್ಲೋನ್‌ಜಿಲ್ಲಾದಿಂದ ಉಳಿದ ಆರಕ್ಕೆ ನಕಲಿಸಿ ಕೊಟ್ಟಿದ್ದರು. ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. 2025ರ ಕೊನೆಯಿಂದ ಒಂದು ಕಂಪ್ಯೂಟರಿನಿಂದ ಇನ್ನೊಂದರ ಹಂಚಿಕೆಯ ಫೋಲ್ಡರ್ ತೆರೆಯಲು ಹೋದರೆ ಪಾಸ್‌ವರ್ಡ್ ಕೇಳುತ್ತದೆ, ಸರಿಯಾದದ್ದನ್ನು ಕೊಟ್ಟರೂ ತಪ್ಪು ಎನ್ನುತ್ತದೆ. ಹಂಚಿಕೊಂಡ ಪ್ರಿಂಟರಿನ ಕಥೆಯೂ ಅದೇ. ಹೊಸ ಹದಿನೈದಕ್ಕೂ ಇದೇ ವಿಧಾನ ಅನುಸರಿಸಬಹುದೇ, ಇಲ್ಲವೇ ಒಂದೊಂದಾಗಿ ಇನ್‌ಸ್ಟಾಲ್ ಮಾಡಬೇಕೇ? ನಾವು ಎಂಎಸ್ ಆಫೀಸ್, ನುಡಿ, ಟ್ಯಾಲಿ ಮತ್ತು ಡಿಜಿಟಲ್ ಸಹಿಯ ಟೋಕನ್ ಬಳಸುತ್ತೇವೆ.

ಉತ್ತರ: ಇಮೇಜ್ ಮಾಡಿಯೇ ಹಾಕಿ. ಅಂದರೆ ಒಂದು ಯಂತ್ರವನ್ನು ಪೂರ್ತಿ ಸಿದ್ಧಪಡಿಸಿ, ಅದರ ಡಿಸ್ಕಿನ ಪ್ರತಿಯನ್ನೇ ಉಳಿದವುಗಳಿಗೆ ಇಳಿಸಿ. ಐದಾರು ಕಂಪ್ಯೂಟರ್ ಇದ್ದಿದ್ದರೆ ಪೆನ್‌ಡ್ರೈವಿನಿಂದ ಒಂದೊಂದಾಗಿ ಇನ್‌ಸ್ಟಾಲ್ ಮಾಡಿ ಎನ್ನುತ್ತಿದ್ದೆ. ಇಪ್ಪತ್ತೆರಡಕ್ಕೆ ಹಾಗೆ ಮಾಡಲು ಕೂತರೆ ಒಂದರಲ್ಲಿ ಫಾಂಟ್ ಮರೆತುಹೋಗುತ್ತದೆ, ಇನ್ನೊಂದರಲ್ಲಿ ಅಪ್‌ಡೇಟ್ ಬಾಕಿ ಉಳಿಯುತ್ತದೆ, ಮುಂದೆ ಪ್ರತಿಯೊಂದು ದೂರಿಗೂ ಬೇರೆ ಬೇರೆ ಕಾರಣ ಹುಡುಕುತ್ತಾ ಓಡಾಡಬೇಕಾಗುತ್ತದೆ. ಆದರೆ ಆ ಏಳಕ್ಕೆ ಮಾಡಿದ ಹಾಗೆ ಮಾತ್ರ ಮಾಡಬೇಡಿ. ಅವುಗಳಿಗೆ ಬಂದಿರುವ ತೊಂದರೆಯ ಬೇರು ಆ ನಕಲಿನಲ್ಲಿಯೇ ಇರುವ ಸಾಧ್ಯತೆ ಬಹಳ. ಮೊದಲು ಅದನ್ನೇ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅದು ಅರ್ಥವಾದರೆ ಉಳಿದ ಕೆಲಸದ ಅರ್ಧ ಅರ್ಥವಾದಂತೆ.

ವಿಂಡೋಸ್ ಇನ್‌ಸ್ಟಾಲ್ ಆಗುವಾಗ ತನಗೊಂದು ಗುರುತಿನ ಸಂಖ್ಯೆಯನ್ನು ತಾನೇ ಸೃಷ್ಟಿಸಿಕೊಳ್ಳುತ್ತದೆ. ಅದಕ್ಕೆ ಎಸ್‌ಐಡಿ ಎನ್ನುತ್ತಾರೆ. ಆ ಕಂಪ್ಯೂಟರಿನಲ್ಲಿ ತೆರೆಯುವ ಪ್ರತಿ ಖಾತೆಯ ಸಂಖ್ಯೆಯೂ ಅದರ ಮೇಲೆಯೇ ಕಟ್ಟಿದ್ದು. ಡಿಸ್ಕನ್ನು ಇದ್ದಂತೆಯೇ ನಕಲಿಸಿದರೆ ಈ ಸಂಖ್ಯೆಯೂ ನಕಲಾಗುತ್ತದೆ. ಎರಡು ಬೇರೆ ಜಮೀನುಗಳ ಪಹಣಿಯಲ್ಲಿ ಒಂದೇ ಸರ್ವೆ ನಂಬರ್ ಬಿದ್ದರೆ ಏನಾಗುತ್ತದೆಯೋ ಇಲ್ಲಿಯೂ ಅದೇ: ವ್ಯಾಜ್ಯ ಏಳುವ ದಿನದವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಆ ತಂತ್ರಜ್ಞರನ್ನು ನಾನು ಪೂರ್ತಿ ದೂರುವುದಿಲ್ಲ. ಸಿಸ್‌ಇಂಟರ್ನಲ್ಸ್ ಉಪಕರಣಗಳಿಂದ ಹೆಸರಾದ ಮೈಕ್ರೋಸಾಫ್ಟಿನ ಮಾರ್ಕ್ ರುಸಿನೋವಿಚ್ ಅವರೇ 2009ರಲ್ಲಿ, ಕಂಪ್ಯೂಟರಿನ ಎಸ್‌ಐಡಿ ಎರಡು ಕಡೆ ಒಂದೇ ಇದ್ದರೆ ಅಪಾಯ ಎಂಬುದು ಮಿಥ್ಯೆ ಎಂದು ಬರೆದು, ಆ ಸಂಖ್ಯೆಯನ್ನು ಬದಲಿಸುವ ತಮ್ಮ ನ್ಯೂಎಸ್‌ಐಡಿ ಉಪಕರಣವನ್ನು ಹಿಂತೆಗೆದುಕೊಂಡಿದ್ದರು. ನಕಲಿಸಿದ ವಿಂಡೋಸಿಗೆ ಸಿಸ್‌ಪ್ರೆಪ್ (ಯಂತ್ರದ ಗುರುತುಗಳನ್ನು ಕಳಚುವ ವಿಂಡೋಸಿನದೇ ಉಪಕರಣ) ಮಾಡದಿದ್ದರೆ ಬೆಂಬಲವಿಲ್ಲ ಎಂಬ ಮೈಕ್ರೋಸಾಫ್ಟಿನ ನಿಯಮ ಆಗಲೂ ಇತ್ತು. ಆದರೆ ಜನರ ಮನಸ್ಸಿನಲ್ಲಿ ಉಳಿದದ್ದು ಮಿಥ್ಯೆ ಎಂಬ ಮಾತು ಮಾತ್ರ, ಮತ್ತು ಹಲವು ವರ್ಷ ಅದರಿಂದ ಸಣ್ಣ ಕಚೇರಿಗಳಿಗೆ ಕಣ್ಣಿಗೆ ಕಾಣುವ ತೊಂದರೆ ಆಗಲೂ ಇಲ್ಲ. 2025ರ ಆಗಸ್ಟ್ 29ರಿಂದ ಬಂದ ಅಪ್‌ಡೇಟ್‌ಗಳಲ್ಲಿ ಲೆಕ್ಕಾಚಾರ ಬದಲಾಯಿತು. ವಿಂಡೋಸ್ 11ರ 24ಎಚ್2, 25ಎಚ್2 ಮತ್ತು ಸರ್ವರ್ 2025 ಈಗ ಲಾಗಿನ್ ವೇಳೆ ಈ ಗುರುತನ್ನು ತಾಳೆ ನೋಡುತ್ತವೆ. ಎರಡೂ ಕಡೆ ಒಂದೇ ಎಸ್‌ಐಡಿ ಕಂಡರೆ ಬಳಕೆದಾರರನ್ನು ಖಚಿತಪಡಿಸಿಕೊಳ್ಳುವ ವಿಧಾನ ಕರ್ಬರೋಸ್ ಆಗಲಿ ಎನ್‌ಟಿಎಲ್‌ಎಂ ಆಗಲಿ, ದೃಢೀಕರಣವನ್ನೇ ನಿರಾಕರಿಸುತ್ತವೆ. ಹಂಚಿಕೆಯ ಫೋಲ್ಡರ್, ರಿಮೋಟ್ ಡೆಸ್ಕ್‌ಟಾಪ್, ಎಲ್ಲಕ್ಕೂ ಇದು ತಗುಲುತ್ತದೆ. ಪಾಸ್‌ವರ್ಡ್ ಸರಿ ಇದ್ದರೂ ತಪ್ಪು ಎಂಬ ಉತ್ತರ ಬರುವುದು ಹೀಗೆ.

ನಿಮ್ಮಲ್ಲಿ ಇದೇ ಆಗಿದೆಯೇ ಎಂದು ತಿಳಿಯುವುದು ಸುಲಭ. ಹಳೆಯ ಏಳರಲ್ಲಿ ಯಾವುದಾದರೂ ಎರಡರ ಮುಂದೆ ಕುಳಿತು, ಸ್ಥಳೀಯ ಖಾತೆಯಿಂದ ಲಾಗಿನ್ ಆಗಿ, ಕಮಾಂಡ್ ಪ್ರಾಂಪ್ಟಿನಲ್ಲಿ ‘ಹೂಆಮ್‌ಐ /ಯೂಸರ್’ (whoami /user) ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ. ‘ಎಸ್-1-5-21’ ಎಂದು ಆರಂಭವಾಗುವ ಉದ್ದದ ಸಂಖ್ಯೆ ಬರುತ್ತದೆ. 21ರ ನಂತರದ ಮೂರು ದೊಡ್ಡ ತುಂಡುಗಳು ಎರಡೂ ಪರದೆಗಳಲ್ಲಿ ಒಂದೇ ಆಗಿದ್ದರೆ ರೋಗ ಇದೇ. ಕೊನೆಯ ಸಣ್ಣ ಸಂಖ್ಯೆ ಖಾತೆಯದ್ದು, ಅದನ್ನು ಹೋಲಿಸುವುದು ಬೇಡ. ಇವೆಂಟ್ ವ್ಯೂವರಿನ ಸಿಸ್ಟಮ್ ದಾಖಲೆಯಲ್ಲಿ ಎಲ್‌ಎಸ್‌ಎ ಸರ್ವರಿನ ಹೆಸರಿನಲ್ಲಿ 6167 ಸಂಖ್ಯೆಯ ದೋಷ ಕಂಡರೆ ಇನ್ನು ಸಂಶಯವೇ ಬೇಡ. ಅಪ್‌ಡೇಟ್ ತೆಗೆದುಹಾಕಿದರೆ ತಾತ್ಕಾಲಿಕವಾಗಿ ಸರಿಹೋಗುತ್ತದೆ ಎಂದು ಯಾರಾದರೂ ಹೇಳಬಹುದು. ಜನರ ಠೇವಣಿಯ ಲೆಕ್ಕ ಇರುವ ಕಚೇರಿಯಲ್ಲಿ ಭದ್ರತಾ ಅಪ್‌ಡೇಟ್ ತೆಗೆದುಹಾಕುವ ಮಾತನ್ನು ಕಿವಿಗೂ ಹಾಕಿಕೊಳ್ಳಬೇಡಿ. ಆ ಏಳನ್ನೂ ಹೊಸ ಇಮೇಜಿನಿಂದ ಮತ್ತೆ ಕಟ್ಟುವುದೇ ಸರಿಯಾದ ದಾರಿ, ಮೈಕ್ರೋಸಾಫ್ಟ್ ಶಾಶ್ವತ ಪರಿಹಾರವೆಂದು ಹೇಳಿರುವುದೂ ಅದನ್ನೇ.

ಹಾಗಾದರೆ ಇಮೇಜಿನಲ್ಲಿ ಏನಿರಬೇಕು? ಇಪ್ಪತ್ತೆರಡಕ್ಕೂ ಸಮಾನವಾದದ್ದು ಇರಬೇಕು, ಯಾವುದೋ ಒಂದು ಕಂಪ್ಯೂಟರಿಗೆ ಮಾತ್ರ ಸೇರಿದ್ದು ಒಂದಿಷ್ಟೂ ಇರಬಾರದು. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತರಣೆ.

ಪರವಾನಗಿಯಿಂದ ಆರಂಭಿಸುತ್ತೇನೆ, ಏಕೆಂದರೆ ಹೆಚ್ಚಿನವರು ಇದನ್ನು ಕೊನೆಗೆ ನೆನಪಿಸಿಕೊಳ್ಳುತ್ತಾರೆ. ಕಂಪ್ಯೂಟರ್ ಜೊತೆಗೆ ಬಂದ ವಿಂಡೋಸ್‌ನ ಒಇಎಂ ಪರವಾನಗಿ ಆ ಕಂಪ್ಯೂಟರಿನದ್ದು. ಒಂದರಲ್ಲಿ ಬಂದ ವಿಂಡೋಸನ್ನು ಇಮೇಜ್ ಮಾಡಿ ಉಳಿದವುಗಳಿಗೆ ಹಾಕುವ ಹಕ್ಕು ಅದರಿಂದ ಸಿಗುವುದಿಲ್ಲ, ಎಲ್ಲದಕ್ಕೂ ಪ್ರತ್ಯೇಕ ಪರವಾನಗಿ ಇದ್ದರೂ ಸಿಗುವುದಿಲ್ಲ. ಸಂಸ್ಥೆಯ ಬಳಿ ವಿಂಡೋಸಿನ ಕನಿಷ್ಠ ಒಂದು ವಾಲ್ಯೂಮ್ ಪರವಾನಗಿ ಇದ್ದರೆ, ಅದರ ಜೊತೆ ಬರುವ ಇನ್‌ಸ್ಟಾಲೇಷನ್ ಕಡತದಿಂದ ತಯಾರಿಸಿದ ಇಮೇಜನ್ನು ಒಇಎಂ ಪರವಾನಗಿಯ ಯಂತ್ರಗಳಿಗೆ ಹಾಕಲು ಮೈಕ್ರೋಸಾಫ್ಟ್ ಅನುಮತಿಸುತ್ತದೆ. ಆವೃತ್ತಿ ಮಾತ್ರ ಒಂದೇ ಆಗಿರಬೇಕು: ಪ್ರೊ ಇದ್ದಲ್ಲಿ ಪ್ರೊ. ಹಳೆಯ ಏಳರಲ್ಲಿ ಅಸಲಿ ಪರವಾನಗಿ ಪ್ರೊ ಆವೃತ್ತಿಯದ್ದೇ, ನಕಲಿನಿಂದಾಗಿ ಪ್ರೊ ಎಂದು ಕಾಣುತ್ತಿದೆಯೇ ಎಂಬುದನ್ನು ಖರೀದಿಯ ಬಿಲ್ಲಿನಲ್ಲಿ ನೋಡಿಕೊಳ್ಳಿ. ಸಕ್ರಿಯಗೊಳಿಸಲು ಮ್ಯಾಕ್ (MAK) ಕೀ, ಅಂದರೆ ಹಲವು ಯಂತ್ರಗಳಿಗೆ ನಡೆಯುವ ಒಂದೇ ಕೀ ಕೇಳಿ. ಕೆಎಂಎಸ್ ಎಂಬ ಇನ್ನೊಂದು ವ್ಯವಸ್ಥೆ ಕನಿಷ್ಠ 25 ಕಂಪ್ಯೂಟರ್ ಕಾಣುವವರೆಗೆ ಕೆಲಸ ಮಾಡುವುದಿಲ್ಲ, ನಿಮ್ಮಲ್ಲಿ 22 ಇವೆ. ಇದನ್ನೆಲ್ಲ ಮಾರಾಟಗಾರರಿಂದ ಲಿಖಿತವಾಗಿ ಪಡೆದು ಕಡತದಲ್ಲಿಡಿ. ಸಹಕಾರ ಸಂಘಕ್ಕೆ ಲೆಕ್ಕಪರಿಶೋಧನೆ ಇದ್ದೇ ಇದೆ.

ಟ್ಯಾಲಿಯ ವಿಷಯ ಇನ್ನೂ ಸೂಕ್ಷ್ಮ. ಅದರ ಪರವಾನಗಿ ಯಂತ್ರಕ್ಕೆ ಕಟ್ಟಿಕೊಂಡಿರುತ್ತದೆ. ಹಳೆಯ ಏಳರಲ್ಲಿ ಟ್ಯಾಲಿ ಸಕ್ರಿಯವಾಗಿರುವುದು ಯಾವುದರಲ್ಲಿ ಎಂದು ನೋಡಿ, ಆ ಡಿಸ್ಕನ್ನು ಅಳಿಸುವ ಮೊದಲು ಟ್ಯಾಲಿಯ ಒಳಗೇ ಇರುವ ‘ಸರೆಂಡರ್ ಲೈಸೆನ್ಸ್’ ಆಯ್ಕೆಯಿಂದ ಪರವಾನಗಿಯನ್ನು ಬಿಟ್ಟುಕೊಡಿ. ಹೊಸ ವಿಂಡೋಸ್ ಬಂದ ಮೇಲೆ ಅದೇ ಪರವಾನಗಿಯನ್ನು ಮತ್ತೆ ಸಕ್ರಿಯಗೊಳಿಸಬಹುದು. ಇದನ್ನು ಮರೆತು ಫಾರ್ಮ್ಯಾಟ್ ಮಾಡಿದವರು ತಿಂಗಳ ಕೊನೆಯ ದಿನ ಸಹಾಯವಾಣಿಗೆ ಕರೆ ಮಾಡುತ್ತಾ ಕೂರುವುದು ಸಾಮಾನ್ಯ. ಇಮೇಜಿನಲ್ಲಿ ಟ್ಯಾಲಿಯ ತಂತ್ರಾಂಶ ಇರಬಹುದು, ಸಕ್ರಿಯಗೊಂಡ ಪರವಾನಗಿ ಇರಬಾರದು. ಟ್ಯಾಲಿ ಮೂರ್ನಾಲ್ಕು ಮೇಜುಗಳಿಗೆ ಮಾತ್ರ ಬೇಕಾದರೆ ಇಮೇಜಿನಿಂದಲೇ ಬಿಟ್ಟು, ಆಮೇಲೆ ಅಲ್ಲಲ್ಲಿ ಹಾಕಿಕೊಳ್ಳುವುದು ಒಳ್ಳೆಯದು. ಆಂಟಿವೈರಸ್ಸನ್ನೂ ಹೀಗೆಯೇ ಕೊನೆಗೆ ಹಾಕಿ. ಕೇಂದ್ರೀಯ ನಿರ್ವಹಣೆಯ ಆಂಟಿವೈರಸ್‌ಗಳು ಪ್ರತಿ ಯಂತ್ರಕ್ಕೂ ತಮ್ಮದೇ ಗುರುತು ಕೊಡುತ್ತವೆ, ನಕಲಾದರೆ ಇಪ್ಪತ್ತೆರಡೂ ನಿಯಂತ್ರಣ ಪರದೆಯಲ್ಲಿ ಒಂದೇ ಯಂತ್ರವಾಗಿ ಕಾಣಬಹುದು. ಡಿಜಿಟಲ್ ಸಹಿಯ ಬಗ್ಗೆ ಆತಂಕ ಬೇಡ. ಸಹಿಯ ಗುಟ್ಟಿನ ಕೀಲಿ ಇರುವುದು ಯುಎಸ್‌ಬಿ ಟೋಕನ್ನಿನ ಒಳಗೆ, ಡಿಸ್ಕಿನಲ್ಲಲ್ಲ. ಟೋಕನ್ನಿನ ಚಾಲಕ ತಂತ್ರಾಂಶ ಮಾತ್ರ ಇಮೇಜಿನಲ್ಲಿರಲಿ.

ಈಗ ಮಾದರಿ ಯಂತ್ರ. ಹೊಸ ಹದಿನೈದರಲ್ಲಿ ಒಂದನ್ನು ಮಾದರಿ ಮಾಡಿಕೊಳ್ಳಲು ಮನಸ್ಸು ಬರುತ್ತದೆ. ಅದು ಬೇಡ, ಮಾದರಿಯನ್ನು ವರ್ಚುವಲ್ ಯಂತ್ರದಲ್ಲಿ, ಅಂದರೆ ಒಂದು ಕಂಪ್ಯೂಟರಿನೊಳಗೆ ತಂತ್ರಾಂಶವೇ ಸೃಷ್ಟಿಸುವ ಇನ್ನೊಂದು ಕಂಪ್ಯೂಟರಿನಲ್ಲಿ ಕಟ್ಟಿ. ವಿಂಡೋಸ್ 11 ಪ್ರೊದಲ್ಲಿ ಅದಕ್ಕೆ ಬೇಕಾದ ಹೈಪರ್-ವಿ ಇದ್ದೇ ಇದೆ, ಅದರಲ್ಲಿ ಎರಡನೇ ತಲೆಮಾರಿನ ಯಂತ್ರವನ್ನು ಸೃಷ್ಟಿಸಿದರೆ ಈಗಿನ ಕಂಪ್ಯೂಟರ್‌ಗಳು ಬೂಟ್ ಆಗುವ ಯುಇಎಫ್‌ಐ ವ್ಯವಸ್ಥೆಯೂ ಸಿಗುತ್ತದೆ. ಇದರಿಂದ ಎರಡು ಲಾಭ. ನಿರ್ದಿಷ್ಟ ಕಂಪನಿಯ ಡ್ರೈವರ್‌ಗಳ ಕೊಳೆ ಇಮೇಜಿಗೆ ಅಂಟುವುದಿಲ್ಲ, ಹಾಗಾಗಿ ಹೊಸ ಮಾದರಿಗೂ ಹಳೆಯ ಏಳಕ್ಕೂ ಅದೇ ಇಮೇಜ್ ಸಾಕು. ಎರಡನೆಯದು ಚೆಕ್‌ಪಾಯಿಂಟ್. ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು. ಈ ಸೌಲಭ್ಯ ಇಲ್ಲದೆ ಸಿಸ್‌ಪ್ರೆಪ್ ಮುಟ್ಟಲು ನಾನು ಯಾರಿಗೂ ಸಲಹೆ ಮಾಡುವುದಿಲ್ಲ.

ವರ್ಚುವಲ್ ಯಂತ್ರಕ್ಕೆ 64 ಜಿಬಿ ಡಿಸ್ಕ್ ಕೊಟ್ಟರೆ ಸಾಕು. ಪಾರ್ಟಿಷನ್‌ಗಳನ್ನು (ಡಿಸ್ಕಿನ ಭಾಗಗಳನ್ನು) ವಿಂಡೋಸ್ ತಾನಾಗಿ ಮಾಡಲು ಬಿಟ್ಟರೆ ರಿಕವರಿ ಪಾರ್ಟಿಷನ್ ಸಿ ಡ್ರೈವಿನ ನಂತರ ಬಂದು ಕೂರುತ್ತದೆ. ಆಮೇಲೆ 512 ಜಿಬಿ ಡಿಸ್ಕಿಗೆ ಇಮೇಜ್ ಇಳಿಸಿ ಸಿ ಡ್ರೈವನ್ನು ಹಿಗ್ಗಿಸಲು ಹೋದರೆ ಮಧ್ಯದಲ್ಲಿ ಅದೇ ಅಡ್ಡ, ‘ಎಕ್ಸ್‌ಟೆಂಡ್’ ಆಯ್ಕೆ ಮಂಕಾಗಿ ಕಾಣುತ್ತದೆ. ಆದ್ದರಿಂದ ಇನ್‌ಸ್ಟಾಲ್ ಮಾಡುವಾಗಲೇ ವಿಂಡೋಸಿನ ಡಿಸ್ಕ್‌ಪಾರ್ಟ್ ಆದೇಶ ಬಳಸಿ ಇಎಫ್‌ಐ, ಎಂಎಸ್‌ಆರ್, ರಿಕವರಿ, ಕೊನೆಗೆ ಸಿ ಎಂಬ ಕ್ರಮದಲ್ಲಿ ಪಾರ್ಟಿಷನ್ ಮಾಡಿ. ಮೊದಲೇ ಮಾಡಿದರೆ ಕೆಲವೇ ನಿಮಿಷದ ಕೆಲಸ. ಆಮೇಲೆ ನೆನಪಾದರೆ ಇಪ್ಪತ್ತೆರಡು ಯಂತ್ರಗಳ ಮುಂದೆ ಕುಳಿತು ಪ್ರತಿಯೊಂದರಲ್ಲೂ ಸರಿಪಡಿಸಬೇಕು.

ಇನ್‌ಸ್ಟಾಲ್ ಮುಗಿದು ದೇಶ ಯಾವುದು ಎಂದು ಕೇಳುವ ಮೊದಲ ಪರದೆ ಬಂದಾಗ ಯಾವುದನ್ನೂ ಒತ್ತಬೇಡಿ. ಕಂಟ್ರೋಲ್, ಶಿಫ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಯಂತ್ರ ಮರುಪ್ರಾರಂಭವಾಗಿ ಆಡಿಟ್ ಮೋಡ್ ಎಂಬ ಸ್ಥಿತಿಗೆ ಬರುತ್ತದೆ. ಇಲ್ಲಿ ಹೊಸ ಬಳಕೆದಾರರ ಖಾತೆ ಹುಟ್ಟುವುದಿಲ್ಲ, ಮೂಲ ಅಡ್ಮಿನಿಸ್ಟ್ರೇಟರ್ ಆಗಿ ಕೆಲಸ ಮಾಡುತ್ತೀರಿ, ಎಷ್ಟು ಸಲ ಮರುಪ್ರಾರಂಭಿಸಿದರೂ ಇಲ್ಲಿಗೇ ಮರಳುತ್ತೀರಿ. ವರ್ಚುವಲ್ ಯಂತ್ರದ ಇಂಟರ್‌ನೆಟ್ ಸಂಪರ್ಕವನ್ನು ಮೊದಲಿನಿಂದಲೇ ಕಡಿದಿಡಿ. ತಿಂಗಳ ಒಟ್ಟು ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗಿನಿಂದ ಬೇರೆ ಯಂತ್ರದಲ್ಲಿ ಇಳಿಸಿಕೊಂಡು ಹಾಕಿ. ಈ ಕಟ್ಟುನಿಟ್ಟಿನ ಕಾರಣ ಇನ್ನು ಸ್ವಲ್ಪದರಲ್ಲಿ ತಿಳಿಯುತ್ತದೆ.

ತಂತ್ರಾಂಶಗಳನ್ನು ಹಾಕುವಾಗ ಕನ್ನಡದ ಕಚೇರಿಗಳು ಎಡವುವ ಒಂದು ಜಾಗವಿದೆ: ಫಾಂಟ್. ಸಂಘದಲ್ಲಿ ಹಿಂದಿನ ವರ್ಷಗಳ ಪತ್ರಗಳು, ನಡಾವಳಿಗಳು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ಗಳಲ್ಲಿ ಇರುತ್ತವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಮಾತ್ರ ಕಾಣುತ್ತದೆ. ಫಾಂಟ್ ಕಡತದ ಮೇಲೆ ಎರಡು ಸಲ ಕ್ಲಿಕ್ ಮಾಡಿ ‘ಇನ್‌ಸ್ಟಾಲ್’ ಒತ್ತಿದರೆ ಈಗಿನ ವಿಂಡೋಸ್ ಅದನ್ನು ಆ ಒಬ್ಬ ಬಳಕೆದಾರರ ಫೋಲ್ಡರಿಗೆ ಮಾತ್ರ ಹಾಕಬಹುದು. ಮಾದರಿಯಲ್ಲಿ ಚೆನ್ನಾಗಿ ಕಂಡ ಅಕ್ಷರ ಇಪ್ಪತ್ತೆರಡು ಮೇಜುಗಳಲ್ಲಿ ಮಾಯವಾಗುವುದು ಹೀಗೆ. ಫಾಂಟ್‌ಗಳನ್ನೆಲ್ಲ ಒಟ್ಟಿಗೆ ಆಯ್ದು, ಮೌಸಿನ ಬಲಗುಂಡಿ ಒತ್ತಿ, ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಎಂಬುದನ್ನೇ ಆರಿಸಿ. ತುಂಗಾ ಫಾಂಟ್ ಬೇಕಾದವರು ಗಮನಿಸಿ: ಈಗಿನ ವಿಂಡೋಸಿನಲ್ಲಿ ಅದು ಐಚ್ಛಿಕ ಸೌಲಭ್ಯಗಳ ಪಟ್ಟಿಯಲ್ಲಿ ಕನ್ನಡದ ಪೂರಕ ಫಾಂಟ್ ಎಂದು ಪ್ರತ್ಯೇಕವಾಗಿ ಸಿಗುತ್ತದೆ, ತಾನಾಗಿ ಬರುವುದು ನಿರ್ಮಲಾ ಯುಐ ಮಾತ್ರ. ಕನ್ನಡ ಕೀಲಿಮಣೆಯನ್ನು ಸೇರಿಸಿದ ಮೇಲೆ ಕಂಟ್ರೋಲ್ ಪ್ಯಾನಲಿನ ರೀಜನ್ ವಿಭಾಗದಲ್ಲಿ ಅಡ್ಮಿನಿಸ್ಟ್ರೇಟಿವ್ ಪುಟಕ್ಕೆ ಹೋಗಿ, ಅದೇ ಸೆಟ್ಟಿಂಗ್ ಹೊಸ ಖಾತೆಗಳಿಗೂ ನಕಲಾಗುವಂತೆ ಗುರುತು ಹಾಕಿ.

ಎಲ್ಲವೂ ಸಿದ್ಧವಾದಾಗ ಚೆಕ್‌ಪಾಯಿಂಟ್ ತೆಗೆದುಕೊಳ್ಳಿ. ಇದೇ ನಿಮ್ಮ ಆಸ್ತಿ. ಇದಾದ ಮೇಲೆ ಸಿಸ್‌ಪ್ರೆಪ್. ಸಿಸ್ಟಮ್32ರ ಒಳಗಿನ ಸಿಸ್‌ಪ್ರೆಪ್ ಫೋಲ್ಡರಿನಲ್ಲಿ ಇರುವ ಇದು ಒಂದು ಸಣ್ಣ ಕಿಟಕಿ ಅಷ್ಟೇ. ಅದರಲ್ಲಿ ಮೊದಲ ಬಾರಿಗೆ ಆರಂಭವಾಗುವ ಓಓಬಿಇ ಸ್ಥಿತಿಯನ್ನು ಆರಿಸಿ, ‘ಜನರಲೈಜ್’ ಚೌಕಕ್ಕೆ ಗುರುತು ಹಾಕಿ, ಕೊನೆಯಲ್ಲಿ ‘ಶಟ್‌ಡೌನ್’ ಆರಿಸಿ. ಆ ಚೌಕದ ಗುರುತೇ ಎಸ್‌ಐಡಿಯನ್ನೂ ಯಂತ್ರಕ್ಕೆ ಅಂಟಿದ ಉಳಿದ ಗುರುತುಗಳನ್ನೂ ಕಳಚುತ್ತದೆ. ಅದಿಲ್ಲದ ಸಿಸ್‌ಪ್ರೆಪ್‌ನಿಂದ ನಿಮಗೆ ಉಪಯೋಗವಿಲ್ಲ. ಶಟ್‌ಡೌನ್ ಬದಲು ರೀಬೂಟ್ ಆರಿಸಿದರೆ ಯಂತ್ರ ಎದ್ದು ಹೊಸ ಗುರುತನ್ನು ಪಡೆದುಬಿಡುತ್ತದೆ, ಮಾಡಿದ್ದೆಲ್ಲ ವ್ಯರ್ಥ. ಸಮಯವಲಯ, ಭಾಷೆ, ಮೊದಲ ಖಾತೆ ಇವನ್ನು ಪ್ರತಿ ಯಂತ್ರದಲ್ಲೂ ಉತ್ತರಿಸುವುದು ತಪ್ಪಬೇಕಾದರೆ ವಿಂಡೋಸ್ ಎಡಿಕೆ ಎಂಬ ಮೈಕ್ರೋಸಾಫ್ಟಿನ ಉಪಕರಣಗಳ ಕಟ್ಟಿನಲ್ಲಿರುವ ಸಿಸ್ಟಮ್ ಇಮೇಜ್ ಮ್ಯಾನೇಜರಿನಿಂದ ಉತ್ತರಗಳ ಕಡತವೊಂದನ್ನು ತಯಾರಿಸಿ, ‘ಅನ್‌ಅಟೆಂಡ್’ ಹೆಸರಿನಲ್ಲಿ ಅದೇ ಸಿಸ್‌ಪ್ರೆಪ್ ಫೋಲ್ಡರಿನಲ್ಲಿ ಇಡಿ. ಅದರಲ್ಲಿ ಬರೆದ ಪಾಸ್‌ವರ್ಡನ್ನು ಯಾರಾದರೂ ಓದಬಲ್ಲರು, ಆದ್ದರಿಂದ ತಾತ್ಕಾಲಿಕ ಪಾಸ್‌ವರ್ಡ್ ಹಾಕಿ, ಕೆಲಸ ಮುಗಿದ ಮೇಲೆ ಕಡತವನ್ನು ಅಳಿಸಿ.

ಸಿಸ್‌ಪ್ರೆಪ್ ಮೊದಲ ಸಲವೇ ಸಲೀಸಾಗಿ ಮುಗಿದರೆ ಸಂತೋಷ. ‘ವಿಂಡೋಸ್ ಇನ್‌ಸ್ಟಾಲೇಷನ್ ಪರಿಶೀಲಿಸಲು ಆಗಲಿಲ್ಲ’ ಎಂಬರ್ಥದ ಸಂದೇಶ ಬಂದರೆ ಗಾಬರಿ ಬೇಡ, ಊಹೆಯೂ ಬೇಡ. ಸಿಸ್‌ಪ್ರೆಪ್ ಫೋಲ್ಡರಿನೊಳಗಿನ ಪ್ಯಾಂಥರ್ ಫೋಲ್ಡರಿನಲ್ಲಿ ಅದರ ದಾಖಲೆ ಇರುತ್ತದೆ. ಕೊನೆಯ ಸಾಲುಗಳನ್ನು ಓದಿ. ಬಹಳ ಸಲ ಅಲ್ಲಿ ಕಾಣುವುದು, ಇಂಥ ಆ್ಯಪ್ ಒಬ್ಬ ಬಳಕೆದಾರರಿಗೆ ಇನ್‌ಸ್ಟಾಲ್ ಆಗಿದೆ, ಎಲ್ಲರಿಗೂ ಆಗಿಲ್ಲ ಎಂಬ ದೂರು. ಇಂಟರ್‌ನೆಟ್ ಸಿಕ್ಕ ಕೂಡಲೇ ಮೈಕ್ರೋಸಾಫ್ಟ್ ಸ್ಟೋರ್ ಹಿನ್ನೆಲೆಯಲ್ಲಿ ಆ್ಯಪ್‌ಗಳನ್ನು ಹೊಸದಾಗಿಸಿ ಈ ಸ್ಥಿತಿಯನ್ನು ಉಂಟುಮಾಡುತ್ತದೆ, ಸಂಪರ್ಕ ಕಡಿದಿಡಿ ಎಂದದ್ದು ಇದಕ್ಕೇ. ದಾಖಲೆಯಲ್ಲಿ ಹೆಸರು ಕಂಡ ಆ್ಯಪನ್ನು ಪವರ್‌ಶೆಲ್ಲಿನಿಂದ ತೆಗೆದುಹಾಕಿ ಮತ್ತೆ ಪ್ರಯತ್ನಿಸಿ. ಇನ್ನೊಂದು ಕಾರಣ ಬಿಟ್‌ಲಾಕರ್. ವಿಂಡೋಸ್ 11 ಕೆಲವು ಯಂತ್ರಗಳಲ್ಲಿ ಡಿಸ್ಕನ್ನು ತಾನಾಗಿಯೇ ಎನ್‌ಕ್ರಿಪ್ಟ್ ಮಾಡಲು ತೊಡಗುತ್ತದೆ, ಹಾಗಿದ್ದರೆ ಸಿಸ್‌ಪ್ರೆಪ್ ಮುಂದುವರಿಯುವುದಿಲ್ಲ. ಅದನ್ನು ಆಫ್ ಮಾಡಿ, ಡಿಕ್ರಿಪ್ಟ್ ಪೂರ್ತಿ ಮುಗಿಯುವವರೆಗೆ ಕಾಯಿರಿ.

ಸಿಸ್‌ಪ್ರೆಪ್ ಮುಗಿದು ಆಫ್ ಆದ ಮಾದರಿಯನ್ನು ಸೆರೆಹಿಡಿಯಲು ಕ್ಲೋನ್‌ಜಿಲ್ಲಾ ಒಳ್ಳೆಯ ಆಯ್ಕೆಯೇ. ತೈವಾನಿನ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಕೇಂದ್ರದಲ್ಲಿ ರೂಪುಗೊಂಡ ಉಚಿತ ತಂತ್ರಾಂಶ ಅದು. ಡಿಸ್ಕಿನ ಬಳಕೆಯಾದ ಭಾಗವನ್ನು ಮಾತ್ರ ಓದಿ ಸಂಕುಚಿಸಿ ಇಡುತ್ತದೆ. ನಿಮ್ಮಲ್ಲಿ ತಪ್ಪಾದದ್ದು ಉಪಕರಣದಿಂದಲ್ಲ, ಅದಕ್ಕೆ ಕೊಟ್ಟ ಡಿಸ್ಕಿನಿಂದ. ವರ್ಚುವಲ್ ಯಂತ್ರಕ್ಕೆ ಕ್ಲೋನ್‌ಜಿಲ್ಲಾದ ಐಎಸ್‌ಒ ಕಡತವನ್ನು ಜೋಡಿಸಿ, ಬೂಟ್ ಕ್ರಮದಲ್ಲಿ ಅದನ್ನೇ ಮೊದಲಿಟ್ಟು ಆನ್ ಮಾಡಿ. ಅಪ್ಪಿತಪ್ಪಿ ವಿಂಡೋಸ್ ಎದ್ದರೆ ಚೆಕ್‌ಪಾಯಿಂಟಿಗೆ ಮರಳಿ ಸಿಸ್‌ಪ್ರೆಪ್ ಮತ್ತೆ ಮಾಡಬೇಕು. ಸೆರೆಹಿಡಿದ ಮೇಲೆ ಇಮೇಜ್ ಸರಿಯಿದೆಯೇ ಎಂದು ಪರೀಕ್ಷಿಸುವ ಆಯ್ಕೆಯನ್ನು ಬಿಡಬೇಡಿ. ಹಳೆಯ ಬರಹಗಳಲ್ಲಿ ಇಮೇಜ್ ಹಾಕಲು ಮೈಕ್ರೋಸಾಫ್ಟಿನ ಎಂಡಿಟಿ ಉಪಕರಣ ಬಳಸಿ ಎಂದು ಓದಿದ್ದರೆ ಆ ದಾರಿ ಹಿಡಿಯಬೇಡಿ, ಅದನ್ನು ಕಂಪನಿಯೇ ಕೈಬಿಟ್ಟಿದೆ. ಫಾಗ್ ಎಂಬ ಉಚಿತ ಸರ್ವರ್ ಒಳ್ಳೆಯದು, ಆದರೆ ಅದಕ್ಕೊಂದು ಲಿನಕ್ಸ್ ಯಂತ್ರ ಸದಾ ಇರಬೇಕು, ಅದನ್ನು ನೋಡಿಕೊಳ್ಳುವವರು ಇರಬೇಕು. ನೂರಾರು ಯಂತ್ರಗಳಿರುವ ಕಾಲೇಜಿನ ಲ್ಯಾಬಿಗೆ ಹೊಂದುತ್ತದೆ, ನಿಮಗೆ ಬೇಕಿಲ್ಲ.

ಇಮೇಜನ್ನು ಹರಡುವುದು ಹೇಗೆ? ಕ್ಲೋನ್‌ಜಿಲ್ಲಾ ಒಂದೇ ಪ್ರವಾಹವನ್ನು ಜಾಲದ ಮೂಲಕ ಎಲ್ಲ ಯಂತ್ರಗಳಿಗೂ ಏಕಕಾಲಕ್ಕೆ ಕಳುಹಿಸಬಲ್ಲದು. ಇದು ಮಲ್ಟಿಕಾಸ್ಟ್. ಲೆಕ್ಕದಲ್ಲಿ ಚೆನ್ನಾಗಿದೆ: ಸಂಕುಚಿತ ಇಮೇಜ್ 20 ಜಿಬಿ ಇದ್ದರೆ ಗಿಗಾಬಿಟ್ ಜಾಲದಲ್ಲಿ ಅದು ದಾಟಲು ಮೂರು ನಿಮಿಷದಷ್ಟು ಸಾಕು, ಹದಿನೈದಕ್ಕೂ ಅಷ್ಟೇ. ಆದರೆ ಮಲ್ಟಿಕಾಸ್ಟಿನಲ್ಲಿ ಎಲ್ಲರೂ ಅತಿ ನಿಧಾನದವರ ಹೆಜ್ಜೆಗೆ ಹೆಜ್ಜೆ ಹಾಕಬೇಕು. ಗಿಗಾಬಿಟ್ ವೇಗಕ್ಕೆ ಕೇಬಲಿನ ಎಂಟೂ ತಂತಿಗಳು ಬೇಕು. ಹಳೆಯ ಕಟ್ಟಡಗಳಲ್ಲಿ 1, 2, 3, 6ನೇ ಪಿನ್ನುಗಳಿಗೆ ಮಾತ್ರ ತಂತಿ ಜೋಡಿಸಿದ ಕೇಬಲ್ ಸಾಮಾನ್ಯ. ಅದರಲ್ಲಿ ಇಂಟರ್‌ನೆಟ್ ಬರುತ್ತದೆ, ಟ್ಯಾಲಿ ನಡೆಯುತ್ತದೆ, ವೇಗ ಮಾತ್ರ 100 ಎಂಬಿಪಿಎಸ್ ದಾಟುವುದಿಲ್ಲ. ಅಂಥ ಒಂದೇ ಕೇಬಲ್ ಇದ್ದರೂ ಹದಿನೈದು ಯಂತ್ರಗಳಿಗೂ ಮೂರು ನಿಮಿಷದ ಕೆಲಸ ಅರ್ಧ ಗಂಟೆಗೆ ಏರುತ್ತದೆ. ಜೊತೆಗೆ ಕ್ಲೋನ್‌ಜಿಲ್ಲಾ ಸರ್ವರ್ ತಾನೇ ಡಿಎಚ್‌ಸಿಪಿ (ಯಂತ್ರಗಳಿಗೆ ಜಾಲದ ವಿಳಾಸ ಹಂಚುವ ಸೇವೆ) ಕೊಡಲು ನಿಂತರೆ ಕಚೇರಿಯ ರೂಟರಿಗೂ ಅದಕ್ಕೂ ಘರ್ಷಣೆಯಾಗುತ್ತದೆ, ಕೌಂಟರಿನಲ್ಲಿ ಗ್ರಾಹಕರು ನಿಂತಿರುವಾಗ ಜಾಲ ನಿಂತುಹೋಗುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಜಾಲವನ್ನು ಮುಟ್ಟುವುದೇ ಇಲ್ಲ. ಇಮೇಜನ್ನು ಮೂರು ಬಾಹ್ಯ ಎಸ್‌ಎಸ್‌ಡಿಗಳಿಗೆ ಹಾಕಿ, ಕ್ಲೋನ್‌ಜಿಲ್ಲಾ ಇರುವ ಒಂದು ಪೆನ್‌ಡ್ರೈವ್ ಹಿಡಿದು ಮೂರು ಮೂರು ಯಂತ್ರಗಳಂತೆ ಮುಗಿಸುತ್ತೇನೆ. ಅದರ ಮೊದಲ ಪರದೆಯಲ್ಲಿ ‘ಟು ರ‍್ಯಾಮ್’ ಆಯ್ಕೆ ಇದೆ. ಅದನ್ನು ಆರಿಸಿದರೆ ಕ್ಲೋನ್‌ಜಿಲ್ಲಾ ಪೂರ್ತಿಯಾಗಿ ಯಂತ್ರದ ಮೆಮೊರಿಗೆ ಬರುತ್ತದೆ, ಪೆನ್‌ಡ್ರೈವ್ ಕಿತ್ತು ಪಕ್ಕದ ಯಂತ್ರಕ್ಕೆ ಚುಚ್ಚಬಹುದು. ಎಸ್‌ಎಸ್‌ಡಿಯನ್ನು ನೀಲಿ ಬಣ್ಣದ ಅಥವಾ ‘ಎಸ್‌ಎಸ್’ ಗುರುತಿನ ಯುಎಸ್‌ಬಿ 3 ಕಿಂಡಿಗೇ ಹಾಕಿ. ಇಳಿಸುವಾಗ ಗುರಿ ಯಾವ ಡಿಸ್ಕ್ ಎಂದು ಕೇಳುತ್ತದೆ. ಯಂತ್ರದೊಳಗಿನ ಎನ್‌ವಿಎಂಇ ಡಿಸ್ಕಿನ ಹೆಸರು ‘ಎನ್‌ವಿಎಂಇ’ ಎಂದೇ ಆರಂಭವಾಗುತ್ತದೆ, ಬಾಹ್ಯ ಎಸ್‌ಎಸ್‌ಡಿಯ ಹೆಸರು ‘ಎಸ್‌ಡಿ’ ಎಂದು ಆರಂಭವಾಗುತ್ತದೆ. ಹಳೆಯ ಏಳರಲ್ಲಿ ಸಾಟಾ ಡಿಸ್ಕ್ ಇದ್ದರೆ ಅದೂ ‘ಎಸ್‌ಡಿ’ ಎಂದೇ ಬರುತ್ತದೆ, ಆಗ ಗಾತ್ರ ಮತ್ತು ಕಂಪನಿಯ ಹೆಸರು ನೋಡಿ ಗುರುತಿಸಿ. ಕ್ಲೋನ್‌ಜಿಲ್ಲಾ ಎರಡು ಸಲ ಖಚಿತಪಡಿಸಿಕೊಳ್ಳುತ್ತದೆ. ಎರಡೂ ಸಲ ಓದಿಯೇ ಒಪ್ಪಿಗೆ ಕೊಡಿ, ಹತ್ತನೆಯ ಯಂತ್ರದ ಹೊತ್ತಿಗೆ ಕೈ ತಾನಾಗಿ ಒತ್ತಲು ಶುರುಮಾಡುತ್ತದೆ.

ಇಮೇಜ್ ಇಳಿದ ಮೇಲೆ ನೀಲಿ ಪರದೆಯಲ್ಲಿ ಬೂಟ್ ಡಿಸ್ಕ್ ಸಿಗುತ್ತಿಲ್ಲ ಎಂಬ ದೋಷ ಬಂದರೆ ಇಮೇಜನ್ನು ಶಂಕಿಸುವ ಮೊದಲು ಬಯಾಸ್ ನೋಡಿ. ಇಂಟೆಲ್‌ನ ಇತ್ತೀಚಿನ ಪೀಳಿಗೆಯ ಯಂತ್ರಗಳಲ್ಲಿ ಡಿಸ್ಕನ್ನು ನಿಭಾಯಿಸುವ ವಿಎಂಡಿ ಎಂಬ ವ್ಯವಸ್ಥೆ ಆನ್ ಆಗಿರಬಹುದು, ಅದರ ಡ್ರೈವರ್ ಇಲ್ಲದ ವಿಂಡೋಸಿಗೆ ಡಿಸ್ಕ್ ಕಾಣುವುದೇ ಇಲ್ಲ. ಎರಡೂ ಮಾದರಿಗಳ ಡಿಸ್ಕ್ ಮತ್ತು ನೆಟ್‌ವರ್ಕ್ ಡ್ರೈವರ್‌ಗಳನ್ನು ಕಂಪನಿಯ ಜಾಲತಾಣದಿಂದ ಇಳಿಸಿ, ಸಿಸ್‌ಪ್ರೆಪ್‌ಗೆ ಮೊದಲೇ ವಿಂಡೋಸಿನ ಪಿಎನ್‌ಪಿಯುಟಿಲ್ ಆದೇಶದ ಮೂಲಕ ಮಾದರಿಯ ಡ್ರೈವರ್ ಸಂಗ್ರಹಕ್ಕೆ ಸೇರಿಸಿಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಧ್ವನಿ, ಗ್ರಾಫಿಕ್ಸ್ ಮುಂತಾದವನ್ನು ವಿಂಡೋಸ್ ಅಪ್‌ಡೇಟ್ ತಾನೇ ತಂದುಕೊಳ್ಳುತ್ತದೆ.

ಹಳೆಯ ಏಳನ್ನು ಮುಟ್ಟುವ ಮುನ್ನ ದತ್ತಾಂಶ. ‘ಡಾಕ್ಯುಮೆಂಟ್ಸ್’ ನಕಲಿಸಿದರೆ ಮುಗಿಯಿತು ಎಂದು ತಿಳಿಯಬೇಡಿ. ಟ್ಯಾಲಿಪ್ರೈಮ್ ತನ್ನ ದತ್ತಾಂಶವನ್ನು ಸಾಮಾನ್ಯವಾಗಿ ‘ಯೂಸರ್ಸ್’ ಒಳಗಿನ ‘ಪಬ್ಲಿಕ್’ ಫೋಲ್ಡರಿನಲ್ಲಿ ಇಡುತ್ತದೆ, ಯಾರ ಹೆಸರಿನ ಫೋಲ್ಡರಿನಲ್ಲೂ ಅದು ಸಿಗುವುದಿಲ್ಲ. ಡೆಸ್ಕ್‌ಟಾಪ್ ಮೇಲಿನ ಕಡತಗಳು, ಬ್ರೌಸರಿನ ಬುಕ್‌ಮಾರ್ಕ್‌ಗಳು, ಔಟ್‌ಲುಕ್ಕಿನ ಪಿಎಸ್‌ಟಿ ಕಡತ, ಡಿ ಡ್ರೈವಿನಲ್ಲಿ ಯಾರೋ ಎಂದೋ ಇಟ್ಟ ಸ್ಕ್ಯಾನ್ ಪ್ರತಿಗಳು, ಇವನ್ನೆಲ್ಲ ಆಯಾ ಮೇಜಿನವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ತೆಗೆಯಿರಿ. ಅದರ ಮೇಲೆ, ಪ್ರತಿ ಹಳೆಯ ಡಿಸ್ಕಿನದ್ದೂ ಒಂದು ಪೂರ್ತಿ ಇಮೇಜ್ ತೆಗೆದು ಎರಡು ತಿಂಗಳು ಇಟ್ಟುಕೊಳ್ಳಿ. ಅಷ್ಟು ಜಾಗಕ್ಕೆ ತಗಲುವ ವೆಚ್ಚ, ಕಳೆದುಹೋದ ಒಂದು ಸಾಲದ ಕಡತದ ಮುಂದೆ ಏನೂ ಅಲ್ಲ.

ಇಪ್ಪತ್ತೆರಡಕ್ಕೂ ಒಂದೇ ದಿನ ಹಾಕಬೇಡಿ. ಹೊಸ ಮಾದರಿಯ ಒಂದಕ್ಕೆ, ಹಳೆಯ ಮಾದರಿಯ ಒಂದಕ್ಕೆ ಮೊದಲು ಹಾಕಿ, ನಗದು ಕೌಂಟರಿನವರಿಗೂ ಲೆಕ್ಕ ವಿಭಾಗದವರಿಗೂ ಒಂದು ವಾರ ಬಳಸಲು ಕೊಡಿ. ಒಂದರಿಂದ ಇನ್ನೊಂದರ ಫೋಲ್ಡರ್ ತೆರೆಯಲಿ, ಪ್ರಿಂಟ್ ಬರಲಿ, ಡಿಜಿಟಲ್ ಸಹಿ ಬೀಳಲಿ, ಹಳೆಯ ನುಡಿ ಪತ್ರವೊಂದು ಓದಲು ಬರಲಿ. ‘ಹೂಆಮ್‌ಐ’ ಪರೀಕ್ಷೆಯನ್ನು ಇವೆರಡರಲ್ಲೂ ಮಾಡಿ, ಈ ಸಲ ಸಂಖ್ಯೆಗಳು ಬೇರೆ ಬೇರೆ ಇರಬೇಕು. ಉಳಿದವುಗಳಿಗೆ ಇದಾದ ಮೇಲೆಯೇ ಕೈಹಾಕಿ.

ಪ್ರತಿ ಯಂತ್ರಕ್ಕೂ ಇಮೇಜ್ ಇಳಿದ ನಂತರ ಅದರದ್ದೇ ಆದ ಕೆಲಸಗಳಿವೆ. ಹೆಸರು ಕೊಡಿ, 15 ಅಕ್ಷರ ಮೀರದಂತೆ. ಜಾಗದ ಹೆಸರಿಗಿಂತ ಸ್ವತ್ತು ವಹಿಯ ಸಂಖ್ಯೆ ಉತ್ತಮ, ಮೇಜು ಬದಲಾಗುತ್ತದೆ, ಆ ಸಂಖ್ಯೆ ಬದಲಾಗುವುದಿಲ್ಲ. ಸಿ ಡ್ರೈವನ್ನು ಡಿಸ್ಕಿನ ಕೊನೆಯವರೆಗೆ ಹಿಗ್ಗಿಸಿ. ಸಕ್ರಿಯಗೊಳಿಸಿ, ಆಂಟಿವೈರಸ್ ಹಾಕಿ. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಇಪ್ಪತ್ತೆರಡಕ್ಕೂ ಒಂದೇ ಇರುವುದು ಇಮೇಜ್ ಹಾಕಿದ ಕಚೇರಿಗಳಲ್ಲಿ ನಾನು ಕಾಣುವ ಅತ್ಯಂತ ಅಪಾಯಕಾರಿ ಅಭ್ಯಾಸ. ಒಂದು ಯಂತ್ರದಲ್ಲಿ ಅದು ಸೋರಿದರೆ ಉಳಿದ ಇಪ್ಪತ್ತೊಂದೂ ತೆರೆದ ಬಾಗಿಲು. ಡೊಮೈನ್ ಇದ್ದರೆ ವಿಂಡೋಸ್ ಲ್ಯಾಪ್ಸ್ ಅದನ್ನು ತಾನಾಗಿ ಬದಲಿಸುತ್ತಿರುತ್ತದೆ. ನಿಮ್ಮಲ್ಲಿ ಇಲ್ಲದಿದ್ದರೆ ಕೈಯಾರೆ ಬೇರೆ ಬೇರೆ ಪಾಸ್‌ವರ್ಡ್ ಇಟ್ಟು, ಬರೆದ ಹಾಳೆಯನ್ನು ಸಂಘದ ತಿಜೋರಿಯಲ್ಲಿಡಿ. ಕೊನೆಯಲ್ಲಿ ಬಿಟ್‌ಲಾಕರ್ ಆನ್ ಮಾಡಿ, ಪ್ರತಿ ಯಂತ್ರದ 48 ಅಂಕಿಗಳ ರಿಕವರಿ ಕೀಯನ್ನು ಸ್ವತ್ತು ಸಂಖ್ಯೆಯೊಂದಿಗೆ ಮುದ್ರಿಸಿ ಅದೇ ತಿಜೋರಿಗೆ ಸೇರಿಸಿ. ಆ ಕೀ ಇಲ್ಲದೆ ಮದರ್‌ಬೋರ್ಡ್ ಕೆಟ್ಟ ದಿನ ಡಿಸ್ಕಿನಲ್ಲಿದ್ದದ್ದನ್ನು ನಾನಾಗಲಿ ಬೇರೆ ಯಾರಾಗಲಿ ತೆಗೆದುಕೊಡಲಾರೆವು.

ಈ ಇಮೇಜ್ ಹಳತಾಗುತ್ತದೆ. ಪ್ರತಿ ತಿಂಗಳ ಎರಡನೇ ಮಂಗಳವಾರ ಮೈಕ್ರೋಸಾಫ್ಟಿನ ಅಪ್‌ಡೇಟ್ ಬರುತ್ತದೆ, ಆರು ತಿಂಗಳ ಹಿಂದಿನ ಇಮೇಜ್ ಇಳಿಸಿದರೆ ಅದನ್ನು ಈ ದಿನಕ್ಕೆ ತರಲು ಅರ್ಧ ದಿನ ಹೋಗಬಹುದು. ಮೂರ್ನಾಲ್ಕು ತಿಂಗಳಿಗೊಮ್ಮೆ ಹೈಪರ್-ವಿಯಲ್ಲಿ ಸಿಸ್‌ಪ್ರೆಪ್‌ಗೆ ಮುಂಚಿನ ಚೆಕ್‌ಪಾಯಿಂಟಿಗೆ ಮರಳಿ, ಅಪ್‌ಡೇಟ್ ಹಾಕಿ, ಹೊಸ ಚೆಕ್‌ಪಾಯಿಂಟ್ ತೆಗೆದು, ಆಮೇಲೆ ಸಿಸ್‌ಪ್ರೆಪ್ ಮಾಡಿ ಹೊಸ ಇಮೇಜ್ ಹಿಡಿಯಿರಿ. ಸಿಸ್‌ಪ್ರೆಪ್ ಆದ ಇಮೇಜನ್ನೇ ಮತ್ತೆ ತೆರೆದು ತಿದ್ದುತ್ತಾ ಹೋಗಬೇಡಿ. ಇಮೇಜಿನ ಫೋಲ್ಡರಿಗೆ ದಿನಾಂಕದ ಹೆಸರು ಕೊಟ್ಟು, ಅದರ ಪಕ್ಕದಲ್ಲೇ ಒಂದು ಸಣ್ಣ ಪಠ್ಯ ಕಡತದಲ್ಲಿ ಏನೇನು ಹಾಕಿದೆ, ಯಾವ ಆವೃತ್ತಿ, ಏನನ್ನು ಬೇಕೆಂದೇ ಬಿಟ್ಟಿದೆ ಎಂದು ಬರೆದಿಡಿ. ನಿಮ್ಮ ನಂತರ ಆ ಕುರ್ಚಿಗೆ ಬರುವವರಿಗೆ ಆ ಕಡತ ಬೇಕಾಗುತ್ತದೆ.